ಅತ್ತೆ, ಪಾಸ್‌ವರ್ಡ್ ಒಂದು ಕಳಿಸಿ

ಬದಿಯಡ್ಕ ಕಡೆಯ ಒಬ್ಬರು ಅಕ್ಕನ ವಿಷಯ ಇದು. ಅವರ ಒಪ್ಪಿಗೆ ತಗೊಂಡೇ ಬರೀತಾ ಇದ್ದೇನೆ, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ನಲವತ್ತರ ಆಸುಪಾಸು ಪ್ರಾಯ, ಗಂಡ ಗಲ್ಫಿನಲ್ಲಿ. ಇವರು ಮನೆಯಲ್ಲೇ ಹಲಸಿನ ಹಪ್ಪಳ, ಸೋಂಟೆ, ಮಿಡಿ ಉಪ್ಪಿನಕಾಯಿ ಮಾಡಿ ಫೇಸ್‌ಬುಕ್ ಇನ್‌ಸ್ಟಾಗ್ರಾಮಲ್ಲಿ ಹಾಕಿ ಮಂಗಳೂರು ಬೆಂಗಳೂರಿಗೆಲ್ಲ ಪಾರ್ಸೆಲ್ ಕಳಿಸ್ತಾರೆ.

ನನ್ನ ಹತ್ರ ಸಲಹೆ ಕೇಳ್ಲಿಕ್ಕೆ ಬಂದದ್ದು ನಿದ್ದೆ ಇಲ್ಲ ಅಂತ. "ಫೋನ್ ಟಿಣ್ ಅಂದ್ರೆ ಸಾಕು ಮೇಡಂ, ಎದೆ ಹೊಡ್ಕೊಳ್ತದೆ." ಬ್ಯಾಂಕಿನ ಮೆಸೇಜ್ ಬಂದಾಗ ಜಾಸ್ತಿ ಅಂತೆ. ಯಾಕೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ತುಂಬ ಹೊತ್ತು ಹಿಡೀತು.

ಗಂಡನ ಅಕ್ಕನ ಮಗ ಒಬ್ಬ ಮಂಗಳೂರಿನಲ್ಲಿ ಸಣ್ಣ ಮಾರ್ಕೆಟಿಂಗ್ ಏಜೆನ್ಸಿ ಇಟ್ಟಿದ್ದಾನೆ. ಅತ್ತೆ ನಿಮ್ಮ ಪೇಜಿಗೆ ಆ್ಯಡ್ ನಾವೇ ಹಾಕ್ತೇವೆ, ತಿಂಗಳಿಗೆ 6,000 ಬಜೆಟ್ ಸಾಕು, ನಿಮ್ಮ ಪಾಸ್‌ವರ್ಡ್ ಒಂದು ಕಳಿಸಿ ಅಂದ. ಇವರು ವಾಟ್ಸಾಪಲ್ಲಿ ಕಳಿಸಿದ್ರು, ಒಟಿಪಿ ಬಂದಾಗ ಅದನ್ನೂ ಓದಿ ಹೇಳಿದ್ರು, ಗಂಡನ ಕಾರ್ಡಿನ ನಂಬ್ರವನ್ನೂ ಕೊಟ್ರು. ಆರ್ಡರ್ ಬಂದದ್ದು ಹೌದು, ಅದನ್ನು ಅವರು ಈಗಲೂ ಹೇಳ್ತಾರೆ. ಆದ್ರೆ ದೀಪಾವಳಿಯ ತಿಂಗಳಲ್ಲಿ ಕಾರ್ಡಿನಿಂದ 19,000 ಹೋಯ್ತು. ಇದೆಂತ ಅಂತ ಗಂಡ ಕೇಳಿದಾಗ "ನಾನೇ ಹೇಳಿ ಮಾಡಿಸಿದ್ದು" ಅಂತ ಸುಳ್ಳು ಹೇಳಿದ್ರು. ಹುಡುಗನ ಹತ್ರ ಕೇಳಿದ್ರೆ ಹಬ್ಬದ ಸೀಸನ್ ಅಲ್ವಾ ಅತ್ತೆ, ಆಫೀಸಿನವರು ಬಜೆಟ್ ಏರಿಸಿದ್ದು ಅಂದ.

ದುಡ್ಡಿಗಿಂತ ದೊಡ್ಡ ವಿಷಯ ಬೇರೆ ಇತ್ತು. ಕೊಟ್ಟದ್ದು ಪೇಜಿನ ಪಾಸ್‌ವರ್ಡ್ ಅಂತ ಅವರು ಅಂದ್ಕೊಂಡಿದ್ರು, ಫೇಸ್‌ಬುಕ್ ಪೇಜಿಗೆ ಬೇರೆ ಪಾಸ್‌ವರ್ಡ್ ಇರುದೇ ಇಲ್ಲ, ಹೋದದ್ದು ಅವರ ಸ್ವಂತ ಐಡಿಯದ್ದು. ಅದೇ ಐಡಿಯ ಮೆಸೆಂಜರಿನಲ್ಲಿ ತಂಗಿಯ ಹತ್ರ ಅತ್ತಿಗೆಯ ವಿಷಯ, ಮನೆಯ ವಿಷಯ, ಮೈಯ ತೊಂದರೆ ಎಲ್ಲ ವರ್ಷಗಟ್ಲೆ ಬರೆದದ್ದು ಉಂಟು. ಅತ್ತಿಗೆ ಅಂದ್ರೆ ಈ ಹುಡುಗನ ತಾಯಿ. ಒಂದು ದಿನ ಲಾಗಿನ್ ಆದ ಫೋನ್‌ಗಳ ಪಟ್ಟಿ ನೋಡುವಾಗ ಗೊತ್ತೇ ಇಲ್ಲದ ಎರಡು ಫೋನು, ಒಂದು ಲ್ಯಾಪ್‌ಟಾಪು. ಆವತ್ತಿನಿಂದ ತಂಗಿಗೆ ಬರೆಯುದನ್ನೇ ನಿಲ್ಲಿಸಿದ್ರು. ಅದನ್ನು ಹೇಳುವಾಗ ಮಾತ್ರ ಅವರಿಗೆ ಕಣ್ಣೀರು ಬಂದದ್ದು. ಬರೇ ದುಡ್ಡಿನ ಗಲಾಟೆ ಅಂತ ಇದನ್ನು ಯಾರಾದ್ರೂ ತಳ್ಳಿ ಹಾಕಿದ್ರೆ ನನಗೆ ಕೋಪ ಬರ್ತದೆ. ಮನಸ್ಸು ಬಿಚ್ಚುವ ಒಂದೇ ಜಾಗಕ್ಕೆ ಅಪರಿಚಿತರು ಹೊಕ್ಕಿದ್ದಾರೆ ಅನ್ನುವ ಹೆದರಿಕೆ ಅದು.

"ಪಾಸ್‌ವರ್ಡ್ ಬದಲಿಸ್ಬಹುದಲ್ಲ?" ಅಂತ ಕೇಳಿದೆ. "ಬದಲಿಸಿದ್ರೆ ಅವನಿಗೆ ಗೊತ್ತಾಗ್ತದೆ, ಮಾಮನ ಹೆಂಡ್ತಿಗೆ ನನ್ನ ಮೇಲೆ ಸಂಶಯ ಅಂತ ಅತ್ತಿಗೆಗೆ ಹೇಳ್ತಾನೆ, ಮತ್ತೆ ತಂಬಿಲಕ್ಕೋ ಪೂಜೆಗೋ ಒಟ್ಟು ಸೇರುವಾಗ ಮುಖ ಹೇಗೆ ತೋರಿಸುದು" ಅಂದ್ರು. ಗಂಟು ಇದ್ದದ್ದು ಇಲ್ಲಿ. ಲೆಕ್ಕ ಕೇಳಿದ್ರೆ ಸಂಬಂಧ ಹಾಳಾಗ್ತದೆ ಅಂತ ಸುಮ್ಮನಿದ್ದು, ಸುಮ್ಮನಿದ್ದದ್ರಿಂದಲೇ ಆ ಹುಡುಗನ ಮೇಲೆ ಒಳಗೊಳಗೆ ದ್ವೇಷ ಬೆಳೀತಾ ಇತ್ತು. ಹುಡುಗ ಕದ್ದಿದ್ದಾನೆ ಅಂತ ನಾನು ಹೇಳ್ಲಿಲ್ಲ, ಅದಕ್ಕೆ ಆಧಾರ ಇಲ್ಲ. ಕೆಲಸ ಮಾಡ್ಲಿಕ್ಕೆ ಅವನಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟಿದ್ರೆ ನಿಮಗೂ ಹೆದರಿಕೆ ಇರ್ತಿರ್ಲಿಲ್ಲ, ಅವನ ಮೇಲೂ ಮಾತು ಬರ್ತಿರ್ಲಿಲ್ಲ ಅಂದೆ. ಒಕ್ಕಲಿಗೆ ತೋಟ ನೋಡ್ಲಿಕ್ಕೆ ಕೊಟ್ರೂ ಜಾಗದ ಆಧಾರಪತ್ರ ನಮ್ಮ ಪೆಟ್ಟಿಗೆಯಲ್ಲೇ ಇರುದಲ್ವಾ ಅಂತ ಅವರೇ ಹೇಳಿದ್ರು ಆಗ.

ಸಲಹೆ ಎಂತ ಕೊಟ್ಟೆ ಅಂದ್ರೆ, ಮೊದಲು ಗಂಡನಿಗೆ ನಿಜ ಹೇಳಿ ಅಂತ. ಇದಕ್ಕೆ ಅವರು ಸುಲಭದಲ್ಲಿ ಒಪ್ಪಲಿಲ್ಲ. ಆದ್ರೆ ಕಾರ್ಡ್ ಗಂಡನದ್ದು, ಬ್ಯಾಂಕಿಗೆ ಹೇಳಿ ಅದನ್ನು ಬ್ಲಾಕ್ ಮಾಡಿಸಿ ಹೊಸದು ತರಿಸ್ಬೇಕಾದವರೂ ಅವರೇ, ಮತ್ತೆ ಆ ಒಂದು ಸುಳ್ಳೇ ಅರ್ಧ ನಿದ್ದೆ ತಿಂತಾ ಇತ್ತು. ಫೋನಲ್ಲಿ ಹೇಳಿದ್ರಂತೆ, ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು "ಮೊದಲೇ ಹೇಳ್ಬಹುದಿತ್ತಲ್ಲ" ಅಂದ್ರಂತೆ, ಅಷ್ಟೇ.

ಮತ್ತೆ ಹುಡುಗನ ಹತ್ರ ಹೇಗೆ ಮಾತಾಡುದು ಅಂತ ನಾವಿಬ್ರೂ ಕೂತು ಅಭ್ಯಾಸ ಮಾಡಿದ್ದು. ಹುಡುಗನ ಪಾತ್ರ ನನ್ನದು. ಮೊದಲೆಲ್ಲ ಅವರ ಬಾಯಲ್ಲಿ ಕ್ಷಮೆ ಕೇಳಿದ ಹಾಗೇ ಬರ್ತಿತ್ತು. ಕೊನೆಗೆ ನಿಂತ ಮಾತು ಇದು: "ನಿನ್ನ ಆಫೀಸಿನಲ್ಲಿ ಜನ ಬರ್ತಾರೆ ಹೋಗ್ತಾರೆ, ಯಾರ ಹತ್ರ ನನ್ನ ಐಡಿ ಉಂಟು ಅಂತ ನಿನಗೂ ಗೊತ್ತಿರ್ಲಿಕ್ಕಿಲ್ಲ. ಇನ್ನು ನಾನು ಪಾರ್ಟ್‌ನರ್ ಆ್ಯಕ್ಸೆಸ್ ಕೊಡ್ತೇನೆ, ನಿನ್ನ ಬಿಸಿನೆಸ್ ಐಡಿ ಕಳಿಸು. ಬಜೆಟ್ ಏರಿಸುವ ಮೊದಲು ವಾಟ್ಸಾಪಲ್ಲಿ ಕೇಳು, ನಾನು ಸರಿ ಅಂದ್ಮೇಲೆ ಏರಿಸು." ಪಾರ್ಟ್‌ನರ್ ಆ್ಯಕ್ಸೆಸ್ ಅಂದ್ರೆ ಪಾಸ್‌ವರ್ಡ್ ಕೊಡದೆ ಏಜೆನ್ಸಿಗೆ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡುದು, ಬಿಸಿನೆಸ್ ಐಡಿ ಅಂದ್ರೆ ಫೇಸ್‌ಬುಕ್ಕಿನಲ್ಲಿ ಆ ಏಜೆನ್ಸಿಯ ಗುರುತಿನ ನಂಬ್ರ. ಆ ಮಾತಿನಲ್ಲಿ ಆರೋಪ ಇಲ್ಲ, ಆದ್ರೆ ಜಾಗವನ್ನೂ ಬಿಟ್ಟುಕೊಟ್ಟಿಲ್ಲ.

ಇನ್ನು ಫೋನಿನ ಕೆಲಸ, ಕಾಲೇಜಿಗೆ ಹೋಗುವ ಮಗಳನ್ನು ಕೂರಿಸಿಕೊಂಡು ಮಾಡಿದ್ದು. ಮೊದಲು ನೋಡ್ಬೇಕಾದ್ದು ಪೇಜಿನಲ್ಲಿ ಫುಲ್ ಕಂಟ್ರೋಲ್ ಯಾರಿಗೆಲ್ಲ ಉಂಟು ಅಂತ, ಯಾಕಂದ್ರೆ ಅದು ಇದ್ದವರಿಗೆ ನಮ್ಮನ್ನೇ ತೆಗೆದು ಹಾಕ್ಲಿಕ್ಕೆ ಆಗ್ತದೆ, ಪೇಜನ್ನು ಅಳಿಸ್ಲಿಕ್ಕೂ ಆಗ್ತದೆ. ಪುಣ್ಯಕ್ಕೆ ಇವರದ್ದು ಹಾಗೇ ಇತ್ತು, ಆಫೀಸಿನ ಒಬ್ಬನದ್ದೂ ಇತ್ತು, ಅವನನ್ನು ತೆಗೆದ್ರು. ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನಿನಿಂದ ಲಾಗ್‌ಔಟ್ ಮಾಡಿ, ಪಾಸ್‌ವರ್ಡಿನ ಜೊತೆ ಇನ್ನೊಂದು ಕೋಡ್ ಕೇಳುವ ಟೂ ಫ್ಯಾಕ್ಟರ್ ಹಾಕಿದ್ರು, ಫೋನ್ ಕೈಯಲ್ಲಿ ಇಲ್ಲದಾಗ ಬೇಕಾಗುವ ರಿಕವರಿ ಕೋಡನ್ನು ಕಾಗದದಲ್ಲಿ ಬರೆದು ಗೋದ್ರೇಜಿನಲ್ಲಿ ಇಟ್ರು. ಮತ್ತೆ ಮೆಟಾದಲ್ಲಿ (ಫೇಸ್‌ಬುಕ್ ಇನ್‌ಸ್ಟಾಗ್ರಾಮಿನ ಕಂಪೆನಿ) ಅವರದ್ದೇ ಬಿಸಿನೆಸ್ ಪೋರ್ಟ್‌ಫೋಲಿಯೋ, ಅಂದ್ರೆ ಪೇಜು, ಆ್ಯಡ್ ಅಕೌಂಟು ಎಲ್ಲ ಒಟ್ಟಿಗೆ ಇಡುವ ಜಾಗ, ಮಾಡಿ ಪೇಜನ್ನು ಅದಕ್ಕೆ ಸೇರಿಸಿದ್ದು. ಮಗಳಿಗೂ ಅದರಲ್ಲಿ ಫುಲ್ ಕಂಟ್ರೋಲ್, ಒಬ್ಬರ ಐಡಿ ಲಾಕ್ ಆದ್ರೆ ಇನ್ನೊಬ್ಬರಿಗಾದ್ರೂ ಒಳಗೆ ಹೋಗ್ಲಿಕ್ಕೆ ಆಗ್ಬೇಕಲ್ಲ.

ಆ್ಯಡಿನ ಖರ್ಚು, ಲೆಕ್ಕ ಎಲ್ಲ ನಡೆಯುವ ಆ್ಯಡ್ ಅಕೌಂಟಿನ ವಿಷಯದಲ್ಲಿ ಮಾತ್ರ ನಷ್ಟ ಆಯ್ತು. ಏಜೆನ್ಸಿಯವರು ಅದನ್ನು ತಮ್ಮ ಪೋರ್ಟ್‌ಫೋಲಿಯೋದ ಒಳಗೆ ಮಾಡಿದ್ರು, ಹಾಗೆ ಮಾಡಿದ್ದನ್ನು ಮತ್ತೆ ಇನ್ನೊಬ್ಬರ ಹೆಸರಿಗೆ ದಾಟಿಸ್ಲಿಕ್ಕೆ ಆಗುದಿಲ್ಲ. ಯಾರನ್ನು ಕೆಲಸಕ್ಕೆ ಇಡುವುದಾದ್ರೂ ಮೊದಲ ದಿನವೇ ಕೇಳ್ಬೇಕಾದ ಪ್ರಶ್ನೆ ಇದು, ಆ್ಯಡ್ ಅಕೌಂಟ್ ಯಾರ ಪೋರ್ಟ್‌ಫೋಲಿಯೋದಲ್ಲಿ ಅಂತ. ಹಳೆಯ ರಿಪೋರ್ಟ್ ಎಲ್ಲ ಡೌನ್‌ಲೋಡ್ ಮಾಡಿ ಕೊಡ್ಲಿಕ್ಕೆ ಹೇಳಿ, ಇವರ ಹೆಸರಲ್ಲಿ ಹೊಸ ಅಕೌಂಟ್ ತೆರೆದದ್ದು. ಸೆಟ್ಟಿಂಗ್ಸಿನ ಪಾರ್ಟ್‌ನರ್ಸ್ ಅನ್ನುವಲ್ಲಿ ಏಜೆನ್ಸಿಯ ಬಿಸಿನೆಸ್ ಐಡಿ ಹಾಕಿ, ಕ್ಯಾಂಪೇನ್ ಮ್ಯಾನೇಜ್ ಮಾಡುವ ಅನುಮತಿ ಮಾತ್ರ ಆನ್ ಮಾಡಿದ್ರು, ಫುಲ್ ಕಂಟ್ರೋಲ್ ಆಫ್. ಅಷ್ಟು ಕೊಟ್ರೂ ನಮ್ಮ ದುಡ್ಡಿನಲ್ಲಿ ಆ್ಯಡ್ ಓಡಿಸ್ಲಿಕ್ಕೆ ಅವರಿಗೆ ಆಗ್ತದೆ, ಹಾಗಾಗಿ ಅಕೌಂಟಿಗೆ ಸ್ಪೆಂಡಿಂಗ್ ಲಿಮಿಟ್ ಇಡ್ಲೇಬೇಕು, ಲಿಮಿಟ್ ಮುಟ್ಟಿದ ಕೂಡ್ಲೆ ಆ್ಯಡ್ ಎಲ್ಲ ನಿಲ್ತದೆ. ಕಾರ್ಡ್ ಬೇಡ ಅಂತ ಇವರು ಈಗ ಯುಪಿಐಯಲ್ಲಿ ಮುಂಗಡ ದುಡ್ಡು ತುಂಬಿಸ್ತಾರೆ, ಬೇಕಾದಷ್ಟೇ. ಕೆಲಸ ಮುಗಿದ್ರೆ ಪಾರ್ಟ್‌ನರನ್ನು ತೆಗೆದ್ರೆ ಆಯ್ತು, ಪಾಸ್‌ವರ್ಡಿನ ಮಾತೇ ಬರುದಿಲ್ಲ.

ಗೂಗಲ್ ಆ್ಯಡ್ಸ್‌ಗೂ ಹೀಗೇ ಉಂಟು, ನಮ್ಮ ಅಕೌಂಟಿನ ಹತ್ತು ಅಂಕೆಯ ಕಸ್ಟಮರ್ ಐಡಿ ಕೊಟ್ರೆ ಏಜೆನ್ಸಿಯವರು ತಮ್ಮ ಮ್ಯಾನೇಜರ್ ಅಕೌಂಟಿನಿಂದ ರಿಕ್ವೆಸ್ಟ್ ಕಳಿಸ್ತಾರೆ, ನಾವು ಒಪ್ಪಿದ್ರೆ ಮಾತ್ರ ಜೋಡಣೆ. ನಿಮ್ಮ ಪೇಜ್ ಬಂದ್ ಆಗ್ತದೆ ಈ ಲಿಂಕ್ ಒತ್ತಿ ಅಂತ ಮೆಟಾದ ಹೆಸರಲ್ಲಿ ಬರುವ ಮೆಸೇಜ್ ಮಾತ್ರ ಮುಟ್ಲೇಬೇಡಿ. ನಿಜವಾದ ಮೋಸದಲ್ಲೇ ದುಡ್ಡು ಹೋದ್ರೆ ನಾಚಿಕೊಂಡು ಕೂರದೆ ಆವತ್ತೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು.

ಹುಡುಗ ಬಿಸಿನೆಸ್ ಐಡಿ ಕಳಿಸಿದ, ಸ್ವಲ್ಪ ಬೇಜಾರಿನಲ್ಲೇ. ಆ್ಯಡ್ ಈಗಲೂ ಅವನೇ ನೋಡ್ಕೊಳ್ಳುದು. ಆಫೀಸಿನವರು ಮೆಸೆಂಜರ್ ಓದಿದ್ರಾ ಇಲ್ವಾ ಅಂತ ಗೊತ್ತಾಗುವ ದಾರಿ ಇಲ್ಲ, ಆ ಸಂಕಟವನ್ನು ಅವರು ಇನ್ನೂ ನನ್ನ ಹತ್ರ ತರ್ತಾರೆ, ಅದಕ್ಕೆ ಸಮಯ ಬೇಕು. ತಂಗಿಗೆ ಈಗ ಬರೆಯುದಲ್ಲ, ರಾತ್ರಿ ಕೆಲಸ ಆದ್ಮೇಲೆ ಫೋನ್ ಮಾಡಿ ಮಾತಾಡ್ತಾರೆ. ಅತ್ತಿಗೆ ಮಾತಾಡುದು ಕಮ್ಮಿ ಮಾಡಿದ್ದಾರಂತೆ, ಮುಂದಿನ ಸಲ ಬಂದಾಗ ಅದರ ಬಗ್ಗೆ ಕೂತು ಮಾತಾಡುವ ಅಂತ ಹೇಳಿದ್ದೇನೆ.