ಮೊಡವೆ ಗುಂಡಿಗೆ ಬೊಟಾಕ್ಸ್ ಯಾಕ್ರಿ?

ಕೆನ್ನೆ ಮೇಲಿನ ಮೊಡವೆ ಗುಂಡಿಗೆ ಪಾರ್ಲರ್‌ನವರು ಬೊಟಾಕ್ಸ್ ಹೇಳಿದ್ದಾರೆ, ಎರಡು ತಿಂಗಳಲ್ಲಿ ಮದುವೆ, ಮಾಡಿಸಲಾ ಅಂತ ಕೇಳಿದ್ದೀರಿ. ಬ್ಯಾಡ್ರಿ. ಬೊಟಾಕ್ಸ್ ಸ್ನಾಯು ಸಡಿಲಿಸುವ ಮದ್ದು. ಹಣೆ, ಕಣ್ಣಂಚಿನ ಗೆರೆಗೆ ಸರಿ, ಮೂರ್ನಾಲ್ಕು ತಿಂಗಳು ನಿಲ್ಲುತ್ತೆ. ನಿಮ್ಮ ಗುಂಡಿ ಇರೋದು ಚರ್ಮದಲ್ಲಿ. ಅದಕ್ಕೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚೋದು), ಲೇಸರ್ ಇವೆ, ಆದರೆ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಮಾಡಿಸಬೇಕು. ಆಗಲೂ ಪೂರ್ತಿ ಸಪಾಟಾಗಲ್ಲ. ನಮ್ಮಂಥ ಮೈಬಣ್ಣದವರಿಗೆ ಜೋರು ಲೇಸರ್ ಆದಮೇಲೆ ಕಪ್ಪು ಕಲೆ ಏಳೋ ಸಾಧ್ಯತೆ ಹೆಚ್ಚು, ಅದೂ ದಾವಣಗೆರೆ ಬಿಸಿಲಲ್ಲಿ ಲಗ್ನಪತ್ರಿಕೆ ಹಂಚ್ತಾ ಓಡಾಡಿದರೆ! ಮದುವೆ ಮುಗಿಸಿಯೇ ಶುರು ಮಾಡ್ರಿ.

ಫಿಲ್ಲರ್, ಅಂದರೆ ಗುಂಡಿ ತುಂಬೋಕೆ ಚರ್ಮದೊಳಗೆ ಚುಚ್ಚುವ ಮದ್ದು, ಅಂದರೂ ಪಾರ್ಲರ್‌ನಲ್ಲಿ ಬೇಡವೇ ಬೇಡ. ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಹಯಲುರಾನಿಕ್ ಆಸಿಡ್ ಫಿಲ್ಲರ್ ಕರಗಿಸುವ ಇಂಜೆಕ್ಷನ್ ಇದೆ, ಅದನ್ನ ತಕ್ಷಣ ಕೊಡೋಕೆ ಡಾಕ್ಟರೇ ಬೇಕಲ್ಲ.

ಬಾಪೂಜಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸ್ರಿ. ಮೊಡವೆ ಇನ್ನೂ ಏಳ್ತಿದ್ದರೆ ಮೊದಲು ಅದಕ್ಕೆ ಔಷಧಿ. ಐಸೊಟ್ರೆಟಿನಾಯಿನ್ ಮಾತ್ರೆ ಬರೆದರೆ ಮದುವೆ ವಿಷಯ ಸಂಕೋಚವಿಲ್ಲದೆ ಹೇಳಿಬಿಡ್ರಿ: ಅದು ನುಂಗುವಾಗಲೂ, ಬಿಟ್ಟು ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು.