‘ಅವರು ಆಡ್ತಿದ್ದಾರೆ, ನಾವ್ಯಾಕೆ ಆಡಬಾರದು?’

ನೀವು ಕೇಳಿದ್ದು ಇಷ್ಟು: ಕೊರೊನಾ ಇದ್ದಾಗಲೇ ದೊಡ್ಡ ಫುಟ್‌ಬಾಲ್ ಲೀಗ್‌ಗಳನ್ನು ಮತ್ತೆ ಶುರು ಮಾಡಿದ್ದು ಸರಿಯಾ? ನಾಳೆ ಅಂಥದ್ದೇ ಇನ್ನೊಂದು ಕಾಯಿಲೆ ಬಂದರೆ ಆಡಿಸಬೇಕಾ, ನಿಲ್ಲಿಸಬೇಕಾ?

ನನ್ನ ಉತ್ತರ: ಆಡಿಸಬಹುದು. ಆದರೆ ಆ ದೇಶದ ಸಾಮಾನ್ಯ ರೋಗಿಗೆ ಪರೀಕ್ಷೆಯೂ ಆಸ್ಪತ್ರೆಯಲ್ಲಿ ಬೆಡ್ಡೂ ಕಾಯದೆ ಸಿಗುತ್ತಿದ್ದರೆ ಮಾತ್ರ. ಸಿಗುತ್ತಿಲ್ಲ ಅಂದರೆ ಎಷ್ಟೇ ಕೋಟಿ ನಷ್ಟವಾದರೂ ಆಟ ನಿಲ್ಲಬೇಕು. ಈ ಮಾತಿಗೆ ಬರಲು ನನಗೆ ಒಂದು ವರ್ಷ ಹಿಡಿಯಿತು. ಅದನ್ನೇ ಹೇಳುತ್ತೇನೆ.

ನಾನು ಹೊಸನಗರ ತಾಲ್ಲೂಕಿನವನು. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಸಂಜೆ ಹೊತ್ತು ಊರಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಕೊಯ್ಲಾದ ಗದ್ದೆಯೇ ಮೈದಾನ, ಅಡಿಕೆ ಮರವೇ ಗೋಲಿನ ಕಂಬ. ಆ ಕಂಬ ಕಡಿದು ನೆಟ್ಟುಕೊಟ್ಟವರು ನಮ್ಮ ಚಿಕ್ಕಪ್ಪ. ಕೂಳೆ ಕಾಲಿಗೆ ಚುಚ್ಚುತ್ತದೆ ಅಂತ ಮೊದಲ ವಾರ ಪೂರ್ತಿ ಮಕ್ಕಳ ಜೊತೆ ನಿಂತು ಅದನ್ನು ಕೆತ್ತಿಸುತ್ತಿದ್ದವರೂ ಅವರೇ.

2020ರ ಮೇ 16, ಶನಿವಾರ. ಜರ್ಮನಿಯ ಬುಂಡೆಸ್‌ಲೀಗಾ ಮತ್ತೆ ಶುರುವಾದ ದಿನ. ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಮೊದಲು ಬಾಗಿಲು ತೆರೆದದ್ದು ಅದೇ. ನಮ್ಮೂರಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಸಂಜೆ ಏಳಕ್ಕೆ ಮನೆ ಹಿಂದಿನ ಗುಡ್ಡ ಹತ್ತಿದೆ. ಹಿಂದೆಯೇ ನಾಲ್ಕು ಹುಡುಗರು ಬಂದರು. ಒಬ್ಬೊಬ್ಬರನ್ನೂ ದೂರ ದೂರ ಕೂರಿಸಿ, ಮೊಬೈಲನ್ನು ಬಂಡೆಗೆ ಒರಗಿಸಿ ಇಟ್ಟೆ. ಡಾರ್ಟ್‌ಮಂಡ್ ಮತ್ತು ಶಾಲ್ಕ ಪಂದ್ಯ. 81 ಸಾವಿರ ಜನ ಹಿಡಿಸುವ ಕ್ರೀಡಾಂಗಣ ಪೂರ್ತಿ ಖಾಲಿ. ಚೆಂಡಿಗೆ ಬೂಟು ತಾಗುವ ಶಬ್ದ, ಗೋಲ್‌ಕೀಪರ್ ಕೂಗುವುದು ಎಲ್ಲಾ ಕೇಳುತ್ತಿತ್ತು. ಬದಲಿ ಆಟಗಾರರು ಮಾಸ್ಕ್ ಹಾಕಿ, ನಡುವೆ ಜಾಗ ಬಿಟ್ಟು ಕೂತಿದ್ದರು. ಎರ್ಲಿಂಗ್ ಹಾಲಂಡ್ ಗೋಲು ಹೊಡೆದವನು ಯಾರನ್ನೂ ತಬ್ಬಲಿಲ್ಲ. ಜೊತೆಯವರು ದೂರದಲ್ಲೇ ನಿಂತು ಕುಣಿದರು. ಡಾರ್ಟ್‌ಮಂಡ್ 4-0ಯಿಂದ ಗೆದ್ದಿತು. ಕೊನೆಗೆ ಆಟಗಾರರು ಖಾಲಿ ಸ್ಟ್ಯಾಂಡಿನ ಎದುರು ಹೋಗಿ, ಜನ ಇದ್ದಾರೇನೋ ಅನ್ನುವ ಹಾಗೆ ಕೈ ಎತ್ತಿದರು.

ನನಗೆ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ಸಾವಿನ ಸುದ್ದಿ ಬಿಟ್ಟರೆ ಬೇರೆ ಏನೂ ನೋಡಿರಲಿಲ್ಲ ಅಲ್ವಾ.

ಗುಡ್ಡ ಇಳಿಯುವಾಗ ಮಿಣುಕುಹುಳ ಹಾರಾಡುತ್ತಿದ್ದವು. ಒಬ್ಬ ಹುಡುಗ, ಆಗ ಹನ್ನೆರಡು ವರ್ಷ ಅವನಿಗೆ, ಕೇಳಿದ: ‘ಅಣ್ಣಾ, ಅವರು ಆಡ್ತಿದ್ದಾರೆ, ನಾವ್ಯಾಕೆ ಆಡಬಾರದು?’

ಊರಿನ ದಾರಿಗೆ ಮರ ಅಡ್ಡ ಹಾಕಿದ್ದ ದಿನಗಳವು. ಮೇ ತಿಂಗಳ ಮೊದಲ ವಾರ ಮುಗಿಯುವ ತನಕ ನಮ್ಮ ಜಿಲ್ಲೆ ಹಸಿರು ವಲಯದಲ್ಲಿತ್ತು. ಆಮೇಲೆ ಶಿವಮೊಗ್ಗದಲ್ಲಿ ಮೊದಲ ಪ್ರಕರಣಗಳು ಬಂದವು, ಎಲ್ಲರಿಗೂ ಹೆದರಿಕೆ ಹತ್ತಿತ್ತು. ಹುಡುಗನಿಗೆ ನಾನು ಹೇಳಿದ್ದು: ‘ಅವರಿಗೆ ಮತ್ತೆ ಮತ್ತೆ ಗಂಟಲ ದ್ರವ ಪರೀಕ್ಷೆ ಮಾಡ್ತಾರೆ ಮಾರಾಯಾ. ನಮಗೆ ಒಂದು ಸಲ ಮಾಡಿಸಬೇಕಂದ್ರೂ ಶಿವಮೊಗ್ಗಕ್ಕೆ ಎರಡು ಗಂಟೆ ದಾರಿ.’ ಅವನು ಸುಮ್ಮನಾದ. ನಾನು ಸುಮ್ಮನಾಗಲಿಲ್ಲ. ಜರ್ಮನಿಯವರು ನಿಜಕ್ಕೂ ಏನು ಮಾಡಿದರು ಅಂತ ಓದುತ್ತಾ ಹೋದೆ.

ಅವರು ಸುಮ್ನೆ ಬಾಗಿಲು ತೆಗೆದಿರಲಿಲ್ಲ. ರಾಷ್ಟ್ರೀಯ ತಂಡದ ವೈದ್ಯ ಟಿಮ್ ಮೇಯರ್ ಅವರ ನೇತೃತ್ವದಲ್ಲಿ ಒಂದು ತಂಡ ಕೂತು ನಿಯಮ ಬರೆದಿತ್ತು. ಪಂದ್ಯದ ದಿನ ಕ್ರೀಡಾಂಗಣದ ಒಳಗೂ ಸುತ್ತಲೂ ಸೇರಿ ಸುಮಾರು 300 ಜನ ಮಾತ್ರ. ಚೆಂಡುಗಳಿಗೂ ಸ್ಯಾನಿಟೈಸರ್. ಪಂದ್ಯಕ್ಕೆ ಮೊದಲು ತಂಡಕ್ಕೆ ತಂಡವೇ ಹೋಟೆಲಿನಲ್ಲಿ ಕ್ವಾರಂಟೈನ್. ಆಗ್ಸ್‌ಬರ್ಗ್ ತಂಡದ ಕೋಚ್ ಹೈಕೊ ಹೆರ್ಲಿಶ್ ಟೂತ್‌ಪೇಸ್ಟ್ ತರಲು ಹೋಟೆಲಿನಿಂದ ಹೊರಗೆ ಹೋದರು. ಅಷ್ಟಕ್ಕೇ ತಮ್ಮ ಮೊದಲ ಪಂದ್ಯಕ್ಕೆ ಅವರು ಮೈದಾನಕ್ಕೆ ಬರಲಾಗಲಿಲ್ಲ. ಎರಡನೇ ದರ್ಜೆಯ ಡೈನಮೊ ಡ್ರೆಸ್ಡನ್ ತಂಡದಲ್ಲಿ ಇಬ್ಬರಿಗೆ ಸೋಂಕು ಬಂದಾಗ ಇಡೀ ತಂಡ 14 ದಿನ ಮನೆಯಲ್ಲಿ ಕೂತಿತು. ನಿಯಮ ಅಂದರೆ ಹೀಗಿರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ತಾವು ಬಳಸುವ ಪರೀಕ್ಷೆ ದೇಶದ ಒಟ್ಟು ಪರೀಕ್ಷಾ ಸಾಮರ್ಥ್ಯದ ಶೇ. 0.5ಕ್ಕಿಂತ ಕಡಿಮೆ ಅಂತ ಲೀಗ್ ಜನರಿಗೆ ಲೆಕ್ಕ ಕೊಟ್ಟಿತ್ತು. ಅಂದರೆ ರೋಗಿಯ ಪಾಲಿನದ್ದನ್ನು ಕಿತ್ತುಕೊಂಡು ನಾವು ಆಡುತ್ತಿಲ್ಲ ಅಂತ ಅವರು ಮೊದಲೇ ತೋರಿಸಬೇಕಾಯಿತು. ದುಡ್ಡಿನ ವಿಷಯವೂ ಇತ್ತು, ಅದನ್ನು ಯಾರೂ ಮುಚ್ಚಿಡಲಿಲ್ಲ. ಪಂದ್ಯ ನಡೆಯದಿದ್ದರೆ ಟಿವಿಯವರಿಂದ ಬರಬೇಕಾದ ಸುಮಾರು 30 ಕೋಟಿ ಯೂರೋ ಬರುತ್ತಿರಲಿಲ್ಲ. ಕೆಲವು ಕ್ಲಬ್‌ಗಳು ಮುಚ್ಚಿಹೋಗುವ ಸ್ಥಿತಿಯಲ್ಲಿದ್ದವು. ಕ್ಲಬ್ ಮುಚ್ಚಿದರೆ ಸ್ಟಾರ್ ಆಟಗಾರನಿಗೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ. ಹುಲ್ಲು ಕತ್ತರಿಸುವವನಿಗೆ, ಬಟ್ಟೆ ಒಗೆಯುವವಳಿಗೆ ಎಲ್ಲಿ ಸಿಗಬೇಕು? ದುಡ್ಡಿಗಾಗಿ ಶುರು ಮಾಡಿದರು ಅನ್ನುವುದೊಂದೇ ನನಗೆ ದೊಡ್ಡ ತಪ್ಪಾಗಿ ಕಾಣುವುದಿಲ್ಲ.

ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಏಪ್ರಿಲ್‌ನಲ್ಲೇ ಲೀಗ್ ಮುಗಿಸಿಬಿಟ್ಟವು. ಅದನ್ನೂ ನಾನು ತಪ್ಪು ಅನ್ನುವುದಿಲ್ಲ.

ತಪ್ಪು ನಡೆದದ್ದು ಅದಕ್ಕೆ ಮೊದಲು. 2020ರ ಫೆಬ್ರವರಿ 19ರಂದು ಇಟಲಿಯ ಮಿಲಾನ್‌ನ ಸಾನ್ ಸಿರೊ ಕ್ರೀಡಾಂಗಣದಲ್ಲಿ ಅಟಲಾಂಟಾ ಮತ್ತು ವೆಲೆನ್ಸಿಯಾ ಪಂದ್ಯ ನಡೆಯಿತು. ಅಟಲಾಂಟಾ ತಂಡದ ಊರು, ಸುಮಾರು 1 ಲಕ್ಷ 20 ಸಾವಿರ ಜನರಿರುವ ಬೆರ್ಗಾಮೊ ಮತ್ತು ಸುತ್ತಮುತ್ತಲಿಂದ 40 ಸಾವಿರದಷ್ಟು ಜನ ಅಲ್ಲಿಗೆ ಹೋಗಿದ್ದರು. ಸೋಂಕು ಅಷ್ಟರಲ್ಲೇ ಅಲ್ಲಿ ಹಬ್ಬುತ್ತಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಕ್ಷಮಿಸಬಹುದು. ಆದರೆ ಮಾರ್ಚ್ 11? ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಕಾಯಿಲೆ ಅಂತ ಘೋಷಿಸಿದ ದಿನ. ಅದೇ ರಾತ್ರಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಎದುರು ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡ ಆಡಿತು. ಮ್ಯಾಡ್ರಿಡ್‌ನಲ್ಲಿ ಶಾಲೆ ಮುಚ್ಚಿದ್ದರು. ಅದೇ ಊರಿನಿಂದ ಸುಮಾರು 3 ಸಾವಿರ ಅಭಿಮಾನಿಗಳು ವಿಮಾನ ಹತ್ತಿ ಬಂದಿದ್ದರು. ಗೊತ್ತಿದ್ದೂ ಬಾಗಿಲು ತೆರೆದಿಟ್ಟರು. ಅದು ಆಗಬಾರದಿತ್ತು.

ಇಲ್ಲಿ ಮಲೆನಾಡಿನ ಒಂದು ಮಾತು ಹೇಳಲೇಬೇಕು. ಕಾಯಿಲೆಯ ನಡುವೆ ಬದುಕು ನಡೆಸುವುದು ನಮಗೆ ಹೊಸತಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಅದು ಮಾಡಿದ ಅನಾಹುತ ಇಲ್ಲಿ ಯಾರೂ ಮರೆತಿಲ್ಲ. ಅದು ಉಣುಗು ಕಚ್ಚಿ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ನಿಜ. ಆದರೂ ಪ್ರಶ್ನೆ ಅದೇ. ಸೊಪ್ಪು, ದರಗು ಇಲ್ಲದೆ ತೋಟ ನಡೆಯಲ್ಲ, ಕಾಡಿಗೆ ಹೋಗಲೇಬೇಕು. ಹಾಗಾಗಿ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕುತ್ತೇವೆ. ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದರೆ ಆ ಕಡೆ ಹೋಗುವುದನ್ನೇ ಬಿಡುತ್ತೇವೆ. ಯಾವಾಗ ಎಣ್ಣೆ ಸಾಕು, ಯಾವಾಗ ಹೋಗಲೇಬಾರದು ಅನ್ನುವುದು ಗೊತ್ತಿರಬೇಕು.

ಹೋಗಲೇಬಾರದು ಅನ್ನುವ ಕಾಲ ನಮಗೆ ಬಂದದ್ದು 2021ರಲ್ಲಿ.

ಏಪ್ರಿಲ್ ಕೊನೆಯಲ್ಲಿ ಚಿಕ್ಕಪ್ಪನಿಗೆ ಜ್ವರ ಬಂತು. ಗಂಟಲ ದ್ರವ ಕೊಟ್ಟು ಬಂದೆವು. ರಿಪೋರ್ಟ್ ನಾಳೆ ಬರುತ್ತದೆ ಅಂದರು. ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಆಶಾ ಕಾರ್ಯಕರ್ತೆ ದಿನಾ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿದ್ದರು. 94. ಮಾರನೇ ದಿನ 91. ರಿಪೋರ್ಟ್ ಇಲ್ಲದೆ ದಾಖಲು ಮಾಡಿಕೊಳ್ಳಲ್ಲ ಅಂತ ಒಂದು ಕಡೆ, ಬೆಡ್ಡೇ ಇಲ್ಲ ಅಂತ ಇನ್ನೊಂದು ಕಡೆ. ಆರನೇ ದಿನ ರಿಪೋರ್ಟ್ ಫೋನಿಗೆ ಬಂತು. ಆಗ ನಾವು ಆಂಬುಲೆನ್ಸಿನಲ್ಲಿದ್ದೆವು. ಚಿಕ್ಕಪ್ಪ ನನ್ನ ಕೈ ಹಿಡಿದಿದ್ದರು, ಬೆರಳಿನ ತುದಿ ತಣ್ಣಗಿತ್ತು. ಎರಡು ದಿನ ಬಿಟ್ಟು ತೀರಿಕೊಂಡರು.

ಆ ದಿನಗಳಲ್ಲಿ ಟಿವಿ ಹಾಕಿದರೆ ಐಪಿಎಲ್ ನಡೆಯುತ್ತಿತ್ತು. ದೆಹಲಿಯಲ್ಲಿ ಆಕ್ಸಿಜನ್ನಿಗೆ ಜನ ಅಲೆಯುತ್ತಿದ್ದಾಗ ದೆಹಲಿಯಲ್ಲೇ ಪಂದ್ಯ. ಆಟಗಾರರಿಗೆ ಬಿಡದೆ ಪರೀಕ್ಷೆ, ಕೂಡಲೇ ರಿಪೋರ್ಟ್. ಟೂರ್ನಿ ನಿಂತದ್ದು ಮೇ 4ರಂದು, ಆಟಗಾರರಿಗೇ ಸೋಂಕು ಬಂದ ಮೇಲೆ. ಅದು ಕ್ರಿಕೆಟ್, ಆದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಗಟ್ಟಿಯಾದದ್ದು ಅವತ್ತೇ. ಒಬ್ಬ ಆಟಗಾರನ ರಿಪೋರ್ಟ್ ಗಂಟೆಗಳಲ್ಲಿ ಬಂದು, ಅದೇ ದೇಶದ ಒಬ್ಬ ರೈತನ ರಿಪೋರ್ಟ್ ಆರು ದಿನಕ್ಕೆ ಬರುತ್ತದೆ ಅಂದರೆ ಆ ಹೊತ್ತಿನಲ್ಲಿ ಯಾವ ಆಟವೂ ನಡೆಯಬಾರದು.

ಅರ್ಜೆಂಟೀನಾ ಅದೇ ಮೇ ತಿಂಗಳಲ್ಲಿ ಸೋಂಕು ಏರಿತು ಅನ್ನುವ ಕಾರಣಕ್ಕೆ ದಕ್ಷಿಣ ಅಮೆರಿಕದ ದೇಶಗಳ ಫುಟ್‌ಬಾಲ್ ಟೂರ್ನಿ ಕೋಪಾ ಅಮೆರಿಕವನ್ನು ನಡೆಸುವ ಅವಕಾಶ ಕಳೆದುಕೊಂಡಿತು. ಅದನ್ನು ಎತ್ತಿಕೊಂಡು ಹೋಗಿ ಬ್ರೆಜಿಲ್‌ನಲ್ಲಿ ಆಡಿಸಿದರು. ಮೊದಲ ಪಂದ್ಯಕ್ಕೆ ಮುಂಚೆಯೇ ವೆನೆಜುವೆಲಾ ತಂಡದಲ್ಲಿ ಹತ್ತಕ್ಕೂ ಹೆಚ್ಚು ಜನರಿಗೆ ಸೋಂಕು. ಟೂರ್ನಿ ನಡೆಯುತ್ತಿದ್ದಾಗಲೇ ಬ್ರೆಜಿಲ್‌ನಲ್ಲಿ ಕೊರೊನಾದಿಂದ ಸತ್ತವರ ಸಂಖ್ಯೆ 5 ಲಕ್ಷ ದಾಟಿತು. ಜರ್ಮನಿಯಲ್ಲಿ ಒಪ್ಪಿದ್ದನ್ನು ನಾನು ಇಲ್ಲಿ ಒಪ್ಪುವುದಿಲ್ಲ.

ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್ಎಲ್ ಬಗ್ಗೆಯೂ ಕೇಳಬಹುದು. 2020ರ ನವೆಂಬರ್‌ನಿಂದ 2021ರ ಮಾರ್ಚ್ ತನಕ 11 ತಂಡಗಳು ಗೋವಾದ ಮೂರು ಮೈದಾನಗಳಲ್ಲೇ ಇದ್ದು 115 ಪಂದ್ಯ ಮುಗಿಸಿದವು. ಆಗ ಮೊದಲ ಅಲೆ ಇಳಿದಿತ್ತು, ಎರಡನೆಯದು ಏರಿರಲಿಲ್ಲ. ಆ ಹೊತ್ತಿಗೆ ಆಡಿಸಿದ್ದು ಸರಿ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ, ಆ ವರ್ಷ ನಾವು ಏಳನೇ ಸ್ಥಾನದಲ್ಲಿ ಮುಗಿಸಿದೆವು. ಬೇಜಾರಾಗಿತ್ತು, ಆದರೂ ಪ್ರತಿ ಪಂದ್ಯಕ್ಕೆ ಗುಡ್ಡ ಹತ್ತಿದ್ದೆ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಇಂಗ್ಲೆಂಡಿನಲ್ಲಿ ಗಂಡಸರ ಪ್ರೀಮಿಯರ್ ಲೀಗ್ 2020ರ ಜೂನ್ 17ಕ್ಕೆ ಮತ್ತೆ ಶುರುವಾಯಿತು. ಹೆಂಗಸರ ಲೀಗನ್ನು ಮಾತ್ರ ಅರ್ಧಕ್ಕೇ ಮುಗಿಸಿದರು. ಜರ್ಮನಿಯಲ್ಲಿ ಹೆಂಗಸರೂ ಆಡಿದರು. ಅಲ್ಲಿ ನಾಲ್ಕು ದೊಡ್ಡ ಕ್ಲಬ್‌ಗಳು ಹೆಂಗಸರ ಲೀಗೂ ಸೇರಿ ಕಷ್ಟದಲ್ಲಿದ್ದ ಕ್ಲಬ್‌ಗಳಿಗಾಗಿ 2 ಕೋಟಿ ಯೂರೋ ಎತ್ತಿಟ್ಟಿದ್ದವು. ನನ್ನ ಹತ್ತಿರ ಆರು ಹುಡುಗಿಯರು ಕಲಿಯುತ್ತಾರೆ. ಆಟ ಅಷ್ಟು ಮುಖ್ಯ ಅಂತ ಹೇಳಿ ಶುರು ಮಾಡುವವರು ಅವರನ್ನು ಬಿಟ್ಟು ಶುರು ಮಾಡಬಾರದು.

ಮತ್ತೆ, ಬರಲ್ಲ ಅನ್ನುವವನನ್ನು ಬರಲೇಬೇಕು ಅನ್ನಬಾರದು. ಇಂಗ್ಲೆಂಡಿನ ವಾಟ್‌ಫರ್ಡ್ ತಂಡದ ನಾಯಕ ಟ್ರಾಯ್ ಡೀನಿ ತರಬೇತಿಗೆ ಬರಲ್ಲ ಅಂದರು. ಮನೆಯಲ್ಲಿ ಉಸಿರಾಟದ ತೊಂದರೆ ಇರುವ ಐದು ತಿಂಗಳ ಮಗು. ಅದಕ್ಕೆ ಜನ ಅವರನ್ನು ಬಾಯಿಗೆ ಬಂದ ಹಾಗೆ ಬೈದರು. ಸಂಬಳ, ಹೆಸರು ಎಲ್ಲಾ ಇದ್ದವರಿಗೇ ಹೀಗೆ. ತಂಡದ ಬಸ್ ಓಡಿಸುವವನು, ಹೋಟೆಲಿನಲ್ಲಿ ಅಡುಗೆ ಮಾಡುವವನು ‘ನಾನು ಬರಲ್ಲ’ ಅಂದರೆ ಅವನ ಕೆಲಸ ಉಳಿಯುತ್ತದಾ? ಯಾವ ಲೀಗ್ ಆಗಲಿ, ಶುರು ಮಾಡುವ ಮೊದಲು ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು.

ನಮ್ಮ ಗದ್ದೆಯಲ್ಲಿ ಆಟ ಮತ್ತೆ ಶುರುವಾದದ್ದು 2022ರ ಫೆಬ್ರವರಿ ಕೊನೆಗೆ. ಮೂರನೇ ಅಲೆ ಇಳಿದಿತ್ತು. ಮನೆಯ ದೊಡ್ಡವರು ಎರಡೂ ಡೋಸ್ ಹಾಕಿಸಿಕೊಂಡಿದ್ದರೆ ಮಾತ್ರ ಮಕ್ಕಳು ಬರಬೇಕು ಅಂದಿದ್ದೆ. ಹಳೆಯ ಕಂಬ ಲಡ್ಡಾಗಿದ್ದವು. ಹೊಸದಾಗಿ ಎರಡು ಮರ ಕಡಿದು, ಚಿಕ್ಕಪ್ಪ ತೋಡಿದ್ದ ಗುಂಡಿಯಲ್ಲೇ ನೆಟ್ಟೆ. ಗುಡ್ಡದಲ್ಲಿ ಆ ಪ್ರಶ್ನೆ ಕೇಳಿದ್ದ ಹುಡುಗ ಮಾತ್ರ ಬರಲಿಲ್ಲ. ಅವನ ಅಜ್ಜಿಗೆ ಉಬ್ಬಸ, ಇಂಜೆಕ್ಷನ್ ಅಂದರೆ ಹೆದರಿಕೆ, ಹಾಕಿಸಿಕೊಂಡಿರಲಿಲ್ಲ. ದಿನಾ ಸಂಜೆ ಬಂದು ಬೇಲಿಯ ಆಚೆ ನಿಂತು ನೋಡುತ್ತಿದ್ದ. ಅವನ 7ನೇ ನಂಬರಿನ ಅಂಗಿ ನಾನು ಬೇರೆಯವರಿಗೆ ಕೊಡಲಿಲ್ಲ. ಬೇಲಿ ದಾಟಿ ಹೊರಗೆ ಹೋದ ಚೆಂಡನ್ನು ಒಳಗೆ ಒದೆಯುವುದು ಅವನ ಕೆಲಸವಾಗಿತ್ತು, ಗದ್ದೆಗೆ ನೀರು ಬರುವ ತನಕ.