ಪ್ಲೇಹೋಂ ಮಕ್ಕಳ ಕ್ರಿಸ್ಮಸ್ ಕ್ರಾಫ್ಟಿಗೆ ಹಿಮ ಯಾವುದರಿಂದ ಮಾಡಿಸಬಹುದು?

ನಿಮ್ಮ ಪ್ರಶ್ನೆಯಲ್ಲಿ ‘ಥರ್ಮಾಕೋಲ್ ಕಾಳು’ ಅನ್ನುವುದನ್ನು ಓದಿದ ಕೂಡಲೇ ನನಗೆ ಎದೆ ಧಸಕ್ ಎಂದಿತು. ಬೆಂಗಳೂರಿನ ಪ್ಲೇಹೋಂ, ಮೂರು–ನಾಲ್ಕು ವರ್ಷದ ಇಪ್ಪತ್ತು ಮಕ್ಕಳು, ಸ್ನೋಮ್ಯಾನ್ ಮಾಡಿಸಬೇಕು, ಹಿಮಕ್ಕೆ ಹತ್ತಿಯೋ ಥರ್ಮಾಕೋಲೋ ಸೋಪಿನ ನೊರೆಯೋ ಅಂತ ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನೂ ಹಾಕಿದ್ದೆ. 2016ರ ಡಿಸೆಂಬರ್, ಮಂಗಳೂರಿನ ಒಂದು ಪ್ಲೇಹೋಂ.

ನನ್ನ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳು, ನಾನು, ಒಬ್ಬರು ಆಯಾ. ಎಲ್ಲರೂ ಸೇರಿ ಒಂದು ಗೋದಲಿ ಮಾಡುವುದು ಅಂತ ತೀರ್ಮಾನ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ; ನಮ್ಮ ಕಡೆ ಕ್ರಿಶ್ಚಿಯನ್ನರ ಮನೆಮನೆಯಲ್ಲೂ ಡಿಸೆಂಬರಿನಲ್ಲಿ ಕಟ್ಟುತ್ತಾರೆ. ಬೈಹುಲ್ಲಿನ ಮಾಡು, ಅಂದರೆ ಸೂರು, ಒಂದು ದನ, ನಾಲ್ಕು ಕುರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮೊಬೈಲಿನಲ್ಲಿ ನೋಡಿದ ಫೋಟೋಗಳಲ್ಲೆಲ್ಲ ಮಾಡಿನ ಮೇಲೆ ಬೆಳ್ಳಗೆ ಹಿಮ. ನನಗೂ ಬೇಕು ಅನಿಸಿತು. ಮನೆಯಲ್ಲಿ ಹರಿದ ಬೀನ್ ಬ್ಯಾಗ್ ಒಂದು ಮೂಲೆಯಲ್ಲಿ ಬಿದ್ದಿತ್ತು. ಬಿಚ್ಚಿದೆ, ಒಳಗೆಲ್ಲ ಥರ್ಮಾಕೋಲ್ ಕಾಳು. ಕಾಸು ಖರ್ಚಿಲ್ಲದೆ ಒಂದು ಚೀಲ ಹಿಮ!

ಮರುದಿನ ಬೆಳಗ್ಗೆಯಿಡೀ ಮಕ್ಕಳಿಗೆ ಹೇಳಿಕೊಟ್ಟೆ: ಇದು ಸ್ನೋ. ಹೇಳಿ, ಸ್ನೋ. ಅವರೂ ಕೂಗಿ ಕೂಗಿ ಹೇಳಿದರು. ಹೊರಗೆ ಸೆಕೆ, ಒಳಗೆ ಫ್ಯಾನ್ ಹಾಕಿದರೆ ಸ್ನೋ ಹಾರುತ್ತದೆ, ಆರಿಸಿದರೆ ಬೆವರು. ಒಂದೊಂದು ಕಾಳು ಮೂರು–ನಾಲ್ಕು ಮಿಲಿಮೀಟರ್ ಇರಬಹುದು. ಗಮ್ ಹಚ್ಚಿದ ಬೆರಳಿಗೆ, ಕೂದಲಿಗೆ, ಕೆನ್ನೆಗೆ ಅಂಟಿಕೊಂಡು ಕೂತಿತು. ಹಿಡಿಸೂಡಿ, ಅಂದರೆ ಪೊರಕೆ, ತಂದರೆ ಅದು ತಾಗುವ ಮೊದಲೇ ಕಾಳು ಓಡುತ್ತಿತ್ತು.

ಊಟದ ಹೊತ್ತಿಗೆ ಒಬ್ಬ ಹುಡುಗ ಬಂದು ನನ್ನ ವೇಲ್ ಎಳೆದ. “ಟೀಚರ್, ನನ್ನ ಮೂಗೊಳಗೆ ಸ್ನೋ ಉಂಟು.”

ಅವನಿಗೆ ಎರಡು ದಿನದಿಂದ ಮೂಗು ಸೋರುತ್ತಿತ್ತು. ನಾನು ನಕ್ಕೆ. “ಮೂಗಲ್ಲಿ ಸ್ನೋ ಇದ್ರೆ ಶೀತ ಆಗದೆ ಇರ್ತದಾ ಮಾರಾಯಾ?” ಅಂತ ಹೇಳಿ ಕರ್ಚೀಫಿನಿಂದ ಒರೆಸಿ ಊಟಕ್ಕೆ ಕೂರಿಸಿದೆ. ನನ್ನ ಜೋಕಿಗೆ ನಾನೇ ಎಷ್ಟು ಮೆಚ್ಚಿಕೊಂಡೆ ಅಂದರೆ, ಸಂಜೆ ಪೋಷಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಗೋದಲಿಯ ಫೋಟೋ ಜೊತೆ ಅವನ ಮಾತನ್ನೂ ಹಾಕಿದೆ. ಎಲ್ಲರೂ ನಗುವ ಮುಖ ಕಳಿಸಿದರು. ಅವನ ಅಮ್ಮನೂ.

ಈ ಜಾಗದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಳು ತಂದದ್ದು ತಪ್ಪೇ. ಹದಿನೆಂಟು ಮಕ್ಕಳ ಮಧ್ಯೆ ಇಬ್ಬರೇ ಇದ್ದು ಅದನ್ನು ಹಂಚಿದ್ದೂ ತಪ್ಪೇ. ಅವೆರಡನ್ನು ಒಪ್ಪಿಕೊಂಡು ನಿದ್ದೆ ಮಾಡಬಹುದು. ನಿದ್ದೆ ಕೆಡಿಸುವುದು ಆ ನಗು. ಆ ಮಗು ನನಗೆ ಎಲ್ಲವನ್ನೂ ಹೇಳಿತ್ತು. ಯಾರ ಮೂಗು? ನನ್ನದು. ಎಲ್ಲಿ? ಒಳಗೆ. ಎಂತದು? ಸ್ನೋ. ದೊಡ್ಡವರು ಡಾಕ್ಟರ ಹತ್ತಿರ ಹೋದರೂ ಇಷ್ಟು ಸರಿಯಾಗಿ ಹೇಳುವುದಿಲ್ಲ. ಆ ಬಿಳಿ ಕಾಳಿಗೆ ಅವನಿಗೆ ಗೊತ್ತಿದ್ದದ್ದು ಒಂದೇ ಹೆಸರು, ಅದನ್ನು ಅದೇ ಬೆಳಗ್ಗೆ ಕಲಿಸಿದವಳು ನಾನು. ನಾನು ಕೊಟ್ಟ ಪದವನ್ನೇ ಅವನು ನನಗೆ ವಾಪಸ್ ಕೊಟ್ಟರೆ ನಾನದನ್ನು ಮುದ್ದು ಮಾತು ಅಂತ ತೆಗೆದುಕೊಂಡೆ. ‘ಎಲ್ಲಿ, ತೋರಿಸು’ ಅಂತ ಕೇಳಲು ಎರಡು ಸೆಕೆಂಡ್ ಸಾಕಿತ್ತು. ಮೊಬೈಲ್ ಟಾರ್ಚ್ ಹಿಡಿದಿದ್ದರೆ ಬಹುಶಃ ಕಾಣುತ್ತಿತ್ತು. ಕೇಳಲಿಲ್ಲ. ಎಷ್ಟು ವರ್ಷವಾದರೂ ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತೇನೆ.

ಹತ್ತು ದಿನದ ಮೇಲೆ ಅವನ ಬಲ ಹೊಳ್ಳೆಯಿಂದ ಮಾತ್ರ ಹಳದಿ ಸಿಂಬಳ, ಹತ್ತಿರ ಹೋದರೆ ನಾರುವ ವಾಸನೆ. ಮೊದಲು ಶೀತದ ಸಿರಪ್ ಕೊಟ್ಟರು. ಆಮೇಲೆ ಕಿವಿ–ಮೂಗು–ಗಂಟಲು ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಒಂದೇ ಕಡೆಯಿಂದ ಬರ್ತಿದೆಯಾ?” ಐದು ನಿಮಿಷದಲ್ಲಿ ತೆಗೆದರಂತೆ. ಥರ್ಮಾಕೋಲ್ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ಅವತ್ತು ರಾತ್ರಿ ಅವನ ಅಪ್ಪ ಗ್ರೂಪಿನಲ್ಲಿ ಬೇರೇನೂ ಬರೆಯಲಿಲ್ಲ. ನನ್ನ ಹಳೆಯ ಮೆಸೇಜನ್ನೇ ಎತ್ತಿ ಇನ್ನೊಮ್ಮೆ ಹಾಕಿದರು. ಜನವರಿಯಲ್ಲಿ ಹುಡುಗ ಬರಲಿಲ್ಲ. ಅವನ ಹಿಂದೆ ಇನ್ನಿಬ್ಬರು ಹೋದರು. ಉಳಿದ ವರ್ಷ ನಾನು ಆಫೀಸಿನಲ್ಲಿ ಕೂತು ಫೀಸ್ ರಸೀದಿ ಬರೆದೆ.

ಆದ್ದರಿಂದ ಹತ್ತಿಯೋ ಥರ್ಮಾಕೋಲೋ ಅಂತ ತೂಗಿ ಹೇಳಲು ನನ್ನಿಂದ ಆಗುವುದಿಲ್ಲ. ನನ್ನ ಪ್ರಕಾರ ಹಿಮವೇ ಬೇಡ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಗೋದಲಿ ಮಾಡಿದಾಗ ತರಿಸಿದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ನಿಮ್ಮ ಕ್ಲಾಸಿನ ಮಕ್ಕಳು ಹಿಮ ನೋಡಿರುವುದು ಫ್ರೀಜರಿನಲ್ಲಿ. ಅವರ ಚಳಿಗಾಲ ಅಂದರೆ ಬೆಳಗಿನ ಇಬ್ಬನಿ, ಮಂಕಿ ಕ್ಯಾಪು, ಅವರೆಕಾಯಿ. ಅದರಿಂದ ಎಷ್ಟು ಬೇಕಾದರೂ ಮಾಡಿಸಬಹುದು.

ಈಗ ಬೇರೆ ಕಡೆ ಇದ್ದೇನೆ, ಮತ್ತೆ ಮಕ್ಕಳ ಜೊತೆಗೇ. ಪ್ರತಿ ವರ್ಷ ಮಾಡಿಸುವುದು ರಾಗಿ ಪೈರು. ನಮ್ಮಲ್ಲಿ ಗೋದಲಿಯ ಹುಲ್ಲಿಗೆ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿಡುವ ಪದ್ಧತಿ ಮೊದಲಿನಿಂದಲೂ ಇದೆ. ಒಬ್ಬೊಬ್ಬರಿಗೆ ಒಂದು ಗೆರಟೆ, ನಿಮ್ಮ ಕಡೆಯ ಮಾತಲ್ಲಿ ತೆಂಗಿನ ಕರಟ. ರಾಗಿಯೂ ಮೂಗಿಗೆ ಹೋಗುವುದಿಲ್ಲವೇ ಅಂತ ನೀವು ಕೇಳಬೇಕು, ಕೇಳದಿದ್ದರೆ ನಾನಿಷ್ಟು ಹೇಳಿದ್ದು ದಂಡ. ಹೋಗುತ್ತದೆ. ಕಾಳು ಒದ್ದೆಯಲ್ಲಿ ಉಬ್ಬುವುದರಿಂದ ಥರ್ಮಾಕೋಲಿಗಿಂತ ಕಷ್ಟ. ಹಾಗಾಗಿ ಬಿಡಿ ರಾಗಿಯನ್ನು ಮಕ್ಕಳ ಕೈಗೆ ಕೊಡುವುದೇ ಇಲ್ಲ. ರಾತ್ರಿ ನೆನೆಸಿ, ಬೆಳಗ್ಗೆ ಮಕ್ಕಳು ಬರುವ ಮೊದಲೇ ಒದ್ದೆ ಮಣ್ಣಿಗೆ ಕಲೆಸಿ ಬೇಸಿನ್ನಿಗೆ ಹಾಕಿಡುತ್ತೇನೆ. ಅವರು ಮುಷ್ಟಿ ಮುಷ್ಟಿ ಮಣ್ಣು ಗೆರಟೆಗೆ ತುಂಬುತ್ತಾರೆ. ಮೂರು–ನಾಲ್ಕು ದಿನಕ್ಕೆ ಹಸಿರು ಇಣುಕುತ್ತದೆ, ಎರಡು ವಾರಕ್ಕೆ ಕುರಿ ನಿಲ್ಲಿಸುವಷ್ಟು ಹುಲ್ಲು. ದಿನಾ ಬೆಳಗ್ಗೆ ಬ್ಯಾಗ್ ಇಡುವ ಮೊದಲು ಓಡಿ ಹೋಗಿ ತಮ್ಮ ಗೆರಟೆ ನೋಡುತ್ತಾರೆ. ನೀರು ಮಾತ್ರ ನೀವೇ ಚಿಮುಕಿಸಿ, ಅವರಿಗೆ ಬಿಟ್ಟರೆ ಗೆರಟೆ ಕೆರೆಯಾಗುತ್ತದೆ.

ನಕ್ಷತ್ರಕ್ಕೆ ಬೆಂಡೆಕಾಯಿ. ತುದಿಯ ಕಡೆ ಅಡ್ಡ ಕತ್ತರಿಸಿ, ತೊಟ್ಟಿನ ಕಡೆ ಮಗುವಿನ ಕೈಗೆ; ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ನಕ್ಷತ್ರ. ಸಾಧಾರಣವಾಗಿ ಐದು ಮೂಲೆ ಬರುತ್ತದೆ, ಒಮ್ಮೊಮ್ಮೆ ಆರು. ಕತ್ತರಿಸಿ ಒಂದು ಗಂಟೆ ಹೊರಗೆ ಇಡಿ, ಲೋಳೆ ಒಣಗದಿದ್ದರೆ ಬಣ್ಣ ಜಾರುತ್ತದೆ.

ನಿಮ್ಮೂರಲ್ಲಿ ಈಗ ಸೊಗಡಿನ ಅವರೆ ಬಂದಿರಬೇಕು. ಕಾಳನ್ನು ಮನೆಯಲ್ಲೇ ಬಿಡಿಸಿ ಸಾರು ಮಾಡಿ ತಿಂದು, ಬರೀ ಸಿಪ್ಪೆ ತನ್ನಿ. ಅರ್ಧ ತೆರೆದ ಸಿಪ್ಪೆ ಅಂದರೆ ಬಾಲಯೇಸುವಿಗೆ ಅಳತೆ ಕೊಟ್ಟು ಮಾಡಿಸಿದ ತೊಟ್ಟಿಲು. ಉಪ್ಪು–ಮೈದಾದ ಗೊಂಬೆ ನಮ್ಮ ಕರಾವಳಿಯಲ್ಲಿ ಬೆವರುತ್ತದೆ, ನಿಮ್ಮಲ್ಲಿ ಒಣಗಬಹುದು.

ಮಿಣಮಿಣ ಎನ್ನುವ ಪುಟ್ಟ ಎಲ್‌ಇಡಿ ದೀಪಗಳನ್ನಂತೂ ತರಲೇಬೇಡಿ. ಅದರೊಳಗಿನ ಗುಂಡಿ ಬ್ಯಾಟರಿ ಮೂಗಿಗೋ ಹೊಟ್ಟೆಗೋ ಹೋದರೆ ನನ್ನ ಹಾಗೆ ಹತ್ತು ದಿನ ಸಿಗುವುದಿಲ್ಲ, ಕೆಲವೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಹೋಯಿತು ಅಂತ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ. ಮೂಗಿನಲ್ಲಿ ಏನೇ ಇದ್ದರೂ ಪಿನ್ನು, ಬೆರಳು ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ರಾಗಿ ಹಾಕುವುದಾದರೆ ಡಿಸೆಂಬರ್ 8–10ರೊಳಗೆ ಹಾಕಿ. ದಿನ ದಾಟಿದ್ದರೆ ಅದನ್ನು ಬಿಟ್ಟು ಬೆಂಡೆಕಾಯಿ ಹಿಡಿಯಿರಿ, ಸ್ವಲ್ಪ ಬಲಿತದ್ದೇ ಕೇಳಿ ತನ್ನಿ. ಎಳೆಯದನ್ನು ಮಕ್ಕಳು ಕಚ್ಚಿ ಮುಗಿಸುತ್ತಾರೆ.